ಉಪ್ಪಿಲನ್ನು ಮೊದಲು ಕಂಡವರು

ಪರಿಸರ ಮಾನವಶಾಸ್ತ್ರ ಎಂದರೇನು ಎಂದು ಕೇಳುವ ಓದುಗರಿಗೆ ಇಷ್ಟು ದಿನ ಎರಡೇ ಸಾಲಿನಲ್ಲಿ ಉತ್ತರಿಸುತ್ತಿದ್ದೆ. ಮನುಷ್ಯರು ತಮ್ಮ ಸುತ್ತಲಿನ ಕಾಡು, ನೀರು, ಮಣ್ಣು, ಪ್ರಾಣಿಗಳ ಜೊತೆ ಹೇಗೆ ಬಾಳುತ್ತಾರೆ, ಅವನ್ನು ಏನೆಂದು ತಿಳಿದಿದ್ದಾರೆ ಎನ್ನುವುದನ್ನು ಅವರ ನಡುವೆಯೇ ಇದ್ದು ಅರಿಯುವ ಶಾಸ್ತ್ರ ಎನ್ನುತ್ತಿದ್ದೆ. ಕಳೆದ ತಿಂಗಳು ಮೈಸೂರಿನ ಎಂ.ಎ. ವಿದ್ಯಾರ್ಥಿನಿಯೊಬ್ಬರು ಬರೆದ ಪತ್ರಕ್ಕೆ ಆ ಉತ್ತರ ಸಾಲದು. ಆಕೆ ಕೇಳಿದ್ದು ಇಷ್ಟು: “ಪೋಡಿಗೆ ಹೋಗಿ ನಾನು ಬರೆದುಕೊಂಡು ಬಂದದ್ದೆಲ್ಲ ಅವರ ತಿಳಿವಳಿಕೆ. ಪ್ರಬಂಧದ ಮೇಲಿರುವುದು ನನ್ನ ಹೆಸರು ಮಾತ್ರ. ಇದು ಸರಿಯೇ?” ಪೋಡು ಎಂದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳ ಹಟ್ಟಿ. ಬೇರೆ ಬೇರೆ ಮಾತಿನಲ್ಲಿ ಆಕೆಯ ಪ್ರಶ್ನೆಯನ್ನೇ ಇನ್ನೂ ಕೆಲವರು ಕೇಳಿದ್ದಾರೆ. ಹಾಗಾಗಿ ಈ ವಾರ ಅದನ್ನೇ ಕೈಗೆತ್ತಿಕೊಂಡಿದ್ದೇನೆ.

ಬಿಳಿಗಿರಿರಂಗನ ಬೆಟ್ಟದ ಒಂದು ನೆಲ್ಲಿಮರದಿಂದ ಶುರು ಮಾಡುತ್ತೇನೆ. ಹಲವು ವರ್ಷಗಳ ಹಿಂದೆ, ಮಾಗಿಯ ಚಳಿಯ ಒಂದು ಬೆಳಗ್ಗೆ, ಸೋಲಿಗರ ಹಿರಿಯರೊಬ್ಬರ ಹಿಂದೆ ಕಾಲುದಾರಿಯಲ್ಲಿ ನಡೆಯುತ್ತಿದ್ದೆ. ಅವರು ಒಂದು ಮರದಡಿ ನಿಂತು ಮೇಲಿನ ಕೊಂಬೆಯತ್ತ ಕೈ ಚಾಚಿದರು. ಕೊಂಬೆ ತುಂಬ ಹಸಿರಿತ್ತು. ಮರ ಚೆನ್ನಾಗಿದೆ ಎಂದೆ. “ಸರಿಯಾಗ್ ನೋಡಿ ಸಾಮಿ” ಎಂದರು. ನೋಡಿದೆ. ನೆಲ್ಲಿಯ ಎಲೆ ಹುಣಸೆ ಎಲೆಯ ಹಾಗೆ ಸಣ್ಣ ಸಣ್ಣದು, ಗರಿಯ ಸಾಲಿನಂತೆ ಇರುತ್ತದೆ. ಆ ಗರಿಗಳ ನಡುವೆ ದಪ್ಪನೆಯ ಅಗಲ ಎಲೆಗಳ ಗೊಂಚಲೊಂದು ಬೇರೆಯಾಗಿಯೇ ಕೂತಿತ್ತು. ಅದರ ಬುಡದಲ್ಲಿ ಕೊಂಬೆ ಗಂಟುಗಟ್ಟಿ ಉಬ್ಬಿತ್ತು. ಗಂಟಿನಿಂದಾಚೆ ಕೊಂಬೆ ಒಣಗಿ ನಿಂತಿತ್ತು. “ಇದು ಉಪ್ಪಿಲು. ಹಕ್ಕಿ ಹಣ್ಣು ತಿಂದು ಬೀಜ ಒರೆಸ್ತದೆ, ಅಂಟು ಇರ್ತದಲ್ಲ, ಅಲ್ಲೇ ಹಿಡ್ಕತದೆ. ತರಗು ಬೆಂಕಿ ಹಾಕ್ತಿದ್ದಾಗ ಇಷ್ಟೊಂದ್ ಇರ್ನಿಲ್ಲ” ಎಂದರು.

ಉಪ್ಪಿಲು ಎಂದರೆ ನಾವು ಬದನಿಕೆ, ಬಂದಣಿಕೆ ಎನ್ನುವ ಗಿಡ. ಇನ್ನೊಂದು ಮರದ ಮೇಲೆ ಬೇರೂರಿ, ಅದರ ನೀರು ಹೀರಿ ಬದುಕುತ್ತದೆ. ಅವರು ಹೇಳಿದ ಮೂರು ಪುಟ್ಟ ವಾಕ್ಯಗಳಲ್ಲಿ ಬೀಜ ಹರಡುವ ಬಗೆ ಇತ್ತು, ರೋಗದ ಹೆಸರು ಇತ್ತು, ಅದು ಹೆಚ್ಚಾದದ್ದರ ಕಾರಣವೂ ಇತ್ತು. ಆ ಕಾರಣದ ಮಾತೇ ಇಲ್ಲಿ ಮುಖ್ಯ.

ತರಗು ಬೆಂಕಿಯನ್ನು ಕಾಳ್ಗಿಚ್ಚು ಎಂದುಕೊಳ್ಳಬಾರದು. ಚಳಿಗಾಲ ಹಿಂದೆ ಸರಿಯುವಾಗ, ಜನವರಿ ಫೆಬ್ರವರಿಯಲ್ಲಿ, ನೆಲದ ಮೇಲೆ ತರಗೆಲೆ ಇನ್ನೂ ತೆಳುವಾಗಿ ಹಾಸಿರುತ್ತದೆ. ಮಣ್ಣಿನಲ್ಲಿ, ಮರದ ತೊಗಟೆಯಲ್ಲಿ ತೇವ ಉಳಿದಿರುತ್ತದೆ. ಆಗ ಸೋಲಿಗರು ಅಲ್ಲಲ್ಲಿ ಬೆಂಕಿ ಕೊಡುತ್ತಿದ್ದರು. ಉರಿ ನೆಲಮಟ್ಟದಲ್ಲೇ ಹರಿದು ಆರುತ್ತಿತ್ತು. ಪ್ರತಿ ವರ್ಷ ಸ್ವಲ್ಪ ಸುಟ್ಟರೆ ತರಗು ರಾಶಿ ಬೀಳುವುದಿಲ್ಲ, ಏಪ್ರಿಲ್ ಬಿಸಿಲಿಗೆ ದೊಡ್ಡ ಬೆಂಕಿ ಏಳುವುದಿಲ್ಲ. ಹೊಸ ಹುಲ್ಲು ಚಿಗುರುತ್ತದೆ, ಉಣ್ಣೆ ಸಾಯುತ್ತದೆ, ಉಪ್ಪಿಲು ಹದ್ದುಬಸ್ತಿನಲ್ಲಿರುತ್ತದೆ ಎಂಬುದು ಅವರ ಲೆಕ್ಕ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆ ನಿಂತಿತು, ಕಾಡು ಕಡಿದು ರಾಗಿ ಬಿತ್ತುವ ಬೇಸಾಯ ನಿಂತಿತು, ಕಾಡೊಳಗೆ ಚದುರಿದ್ದ ಜನರನ್ನು ಪೋಡುಗಳಲ್ಲಿ ನೆಲೆ ನಿಲ್ಲಿಸಿದರು. ಬೆಂಕಿ ಅಪರಾಧವಾಯಿತು.

ಮುಂದಿನ ದಶಕಗಳಲ್ಲಿ ನೆಲ್ಲಿಯ ಸಸಿಗಳು ಕಡಿಮೆಯಾಗುತ್ತಿರುವುದನ್ನು ಎಲ್ಲರೂ ಗಮನಿಸಿದರು. ಕಾಡಿನ ಹೊರಗಿನವರಿಗೆ ಮೊದಲು ಹೊಳೆದ ಪ್ರಶ್ನೆ “ಸೋಲಿಗರು ಕಾಯಿ ಅತಿಯಾಗಿ ಕೀಳುತ್ತಿದ್ದಾರೆಯೇ?” ಎನ್ನುವುದು. ಅದು ತಪ್ಪು ಪ್ರಶ್ನೆಯಲ್ಲ. ಚೀಲಗಟ್ಟಲೆ ನೆಲ್ಲಿಕಾಯಿ ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಯ ಮೂಲಕ ಉಪ್ಪಿನಕಾಯಿಗೆ, ಔಷಧಕ್ಕೆ ಹೋಗುತ್ತಿತ್ತು. ಬೀಜವೇ ಕಾಡಿನಿಂದ ಹೊರಟರೆ ಸಸಿ ಹುಟ್ಟುವುದು ಹೇಗೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬಹಳ ಕಾಲ ಅದೊಂದೇ ಪ್ರಶ್ನೆಯಾಗಿ ಉಳಿಯಿತು. ಅಪರಾಧಿ ಯಾರೆಂದು ಮೊದಲೇ ಗೊತ್ತುಮಾಡಿಕೊಂಡು ಸಾಕ್ಷಿ ಹುಡುಕಿದ ಹಾಗೆ. ಉಪ್ಪಿಲು ಹಿಡಿದ ಕೊಂಬೆಯನ್ನು ಕಾಯಿ ಕೀಳುವಾಗ ಕಡಿದು ಹಾಕುವುದು ಮರಕ್ಕೆ ಮಾಡುವ ಆರೈಕೆ ಎಂದು ಕಡಿಯುವವರಿಗೆ ಗೊತ್ತಿತ್ತು. ದೂರದಿಂದ ನೋಡುವವರಿಗೆ ಅದು ಮರ ಹಾಳು ಮಾಡಿದ ಗುರುತಾಗಿ ಕಾಣುತ್ತಿತ್ತು.

ಪ್ರಶ್ನೆ ಬದಲಾದದ್ದು ಜೊತೆಗೂಡಿ ಕೆಲಸ ಶುರುವಾದ ಮೇಲೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1990ರ ದಶಕದಿಂದ ಅಲ್ಲಿ ಸೋಲಿಗರೊಂದಿಗೆ ನೆಲ್ಲಿಯ ಲೆಕ್ಕ ಇಡುತ್ತ ಬಂದರು. ಕೊಯ್ಲಿಗೆ ಮುಂಚೆ ಮರದಲ್ಲಿ ಎಷ್ಟು ಕಾಯಿ ಇದೆ, ಕಿತ್ತದ್ದೆಷ್ಟು, ಜಿಂಕೆ ಕಡವೆಗೂ ಬೀಜಕ್ಕೂ ಉಳಿದದ್ದೆಷ್ಟು ಎಂದು ಕಾಯಿ ಕೀಳುವವರೇ ಅಂದಾಜು ಮಾಡುವ ವಿಧಾನ ಅದು. ಸಿದ್ದಪ್ಪ ಶೆಟ್ಟಿ, ಕಮಲ್ ಬಾವಾ, ಹವಾಯಿ ವಿಶ್ವವಿದ್ಯಾಲಯದ ತಮಾರಾ ಟಿಕ್ಟಿನ್, ಸಿ. ಮಾದೇಗೌಡ ಸೇರಿ 2008ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಈ ನಾಲ್ವರಲ್ಲಿ ಮಾದೇಗೌಡರು ಸೋಲಿಗರು. ಅದೇ ಕಾಡಿನಲ್ಲಿ ಹುಟ್ಟಿ, ಬೆಳೆದು, ಓದಿ, ಮುಂದೆ ಡಾಕ್ಟರೇಟ್ ಪಡೆದವರು. ಉಪ್ಪಿಲು ಮತ್ತು ಬೆಂಕಿಯ ಬಗ್ಗೆ ಸೋಲಿಗರು ಹೇಳುವುದನ್ನು ಪರೀಕ್ಷೆಗೆ ಯೋಗ್ಯವಾದ ಸಿದ್ಧಾಂತವೆಂದೇ ತೆಗೆದುಕೊಂಡು ಇನ್ನೊಂದು ತಂಡ 2010ರಲ್ಲಿ ಬರೆಯಿತು. ಆಮೇಲಿನ ವರ್ಷಗಳಲ್ಲಿ ಮರಗಳ ಹುಟ್ಟು ಸಾವುಗಳನ್ನು ದೀರ್ಘಕಾಲ ಎಣಿಸಿ ನೋಡಿದಾಗ, ಕಾಯಿ ಕೀಳುವುದೊಂದೇ ಕಾರಣ ಎಂಬ ಮಾತು ನಿಲ್ಲಲಿಲ್ಲ. ಬದನಿಕೆಯ ಕಾಟ, ಲಂಟಾನ ಎಂಬ ಕಳೆಪೊದೆ ಹಬ್ಬಿದ್ದು, ಬೆಂಕಿಯ ಸ್ವರೂಪವೇ ಬದಲಾದದ್ದು ಎಲ್ಲವೂ ಲೆಕ್ಕಕ್ಕೆ ಬಂದವು.

ಲಂಟಾನದ ಕತೆಯೂ ಹೀಗೆಯೇ. ಬೆಟ್ಟದ ಕಾಡಿನಲ್ಲಿ ಗುರುತು ಮಾಡಿಟ್ಟ ತಾಕುಗಳ ಪೈಕಿ 1997ರಲ್ಲಿ ಸುಮಾರು ಶೇ 40ರಷ್ಟರಲ್ಲಿ ಲಂಟಾನ ಇತ್ತು. 2008ರಲ್ಲಿ ಅವೇ ತಾಕುಗಳನ್ನು ಮತ್ತೆ ನೋಡಿದಾಗ ಸುಮಾರು ಶೇ 80ರಷ್ಟರಲ್ಲಿತ್ತು. ತರಗು ಬೆಂಕಿ ನಿಂತದ್ದರಿಂದಲೇ ಇದು ತಡೆಯಿಲ್ಲದೆ ಬೆಳೆಯಿತು ಎಂಬುದು ಸೋಲಿಗ ಹಿರಿಯರ ವಾದ. ಬೇರೆ ದೇಶಗಳಲ್ಲಿ ಬೆಂಕಿ ಬಿದ್ದ ಮೇಲೆ ಲಂಟಾನ ಇನ್ನಷ್ಟು ದಟ್ಟವಾಗಿ ಎದ್ದದ್ದೂ ಉಂಟು. ಹಾಗಾಗಿ ವಿಜ್ಞಾನಿಗಳಿಗೆ ಈ ವಾದ ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ನನಗೆ ಇಷ್ಟವಾದದ್ದು ಹಿರಿಯರು ಅಲ್ಲಿಗೇ ನಿಲ್ಲದೆ ಮುಂದೆ ಹೇಳುವ ಮಾತು. ಈಗ ಬೆಂಕಿ ಹಾಕಿದರೆ ಕೆಟ್ಟೆವು ಎನ್ನುತ್ತಾರೆ ಅವರು. ಲಂಟಾನ ಆಳೆತ್ತರ ಬೆಳೆದು ಮರಕ್ಕೆ ತಬ್ಬಿಕೊಂಡಿದೆ. ಉರಿ ನೆಲದಲ್ಲಿ ಹರಿಯುವುದಿಲ್ಲ, ಅದನ್ನು ಏಣಿ ಮಾಡಿಕೊಂಡು ನೆತ್ತಿಗೆ ಹತ್ತುತ್ತದೆ. ಮೊದಲು ಲಂಟಾನ ತೆಗೆಯಬೇಕು, ಬೆಂಕಿ ಆಮೇಲೆ. ಅಜ್ಜನ ಕಾಲದ್ದನ್ನು ಹಾಗೇ ಒಪ್ಪಿಸುವವರು ಆಡುವ ಮಾತಲ್ಲ ಇದು. ಬದಲಾದ ಕಾಡನ್ನು ಕಣ್ಣೆದುರು ಇಟ್ಟುಕೊಂಡು ತಮ್ಮ ತಿಳಿವಳಿಕೆಯನ್ನು ತಾವೇ ತಿದ್ದಿಕೊಂಡವರ ಮಾತು. ಬುಡಕಟ್ಟು ಜ್ಞಾನ ಎಂದೊಡನೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಳೆಯ ಒಡವೆಯಂತೆ ಮಾತಾಡುವುದನ್ನು ನಾವು ಬಿಡಬೇಕು.

ಇಲ್ಲಿ ವೈವಿಧ್ಯ ಎಂಬ ಪದದ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸಂಶೋಧನಾ ತಂಡದಲ್ಲಿ ಆದಿವಾಸಿಗಳು, ಹೆಂಗಸರು, ಹಳ್ಳಿಯವರು ಇರಬೇಕು ಎಂದರೆ ಅದೊಂದು ನ್ಯಾಯದ ಬೇಡಿಕೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ನ್ಯಾಯದ್ದು ಹೌದು. ಅದಕ್ಕೂ ಮಿಗಿಲಾಗಿ ಅದು ಶಾಸ್ತ್ರದ ಅಗತ್ಯ. ಒಂದೇ ಬಗೆಯ ಊರಿನಲ್ಲಿ ಬೆಳೆದು, ಒಂದೇ ಬಗೆಯ ಪುಸ್ತಕ ಓದಿದ ಹತ್ತು ಜನ ಕಾಡಿಗೆ ಹೋದರೆ ಹತ್ತೂ ಜನರಿಗೆ ಹಸಿರು ಕೊಂಬೆಯೇ ಕಾಣುತ್ತದೆ. ಗಂಟು ಕಾಣಲು ಹನ್ನೊಂದನೆಯವರು ಬೇಕು. ಆ ಹನ್ನೊಂದನೆಯವರಿಗೆ ಪ್ರಶ್ನೆ ಕೇಳುವ ಅಧಿಕಾರವೂ ಇರಬೇಕು.

ಇದನ್ನು ಬಹಳ ಹಿಂದೆಯೇ ಕಂಡುಕೊಂಡ ಇಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಪಾಪುವಾ ನ್ಯೂಗಿನಿಯ ಬೆಟ್ಟಗಳಲ್ಲಿ ಕಲಾಂ ಎಂಬ ಜನ ಇದ್ದಾರೆ. ಅಲ್ಲಿಗೆ ಹೋದ ಮಾನವಶಾಸ್ತ್ರಜ್ಞ ರಾಲ್ಫ್ ಬುಲ್ಮರ್ 1967ರಲ್ಲಿ ಒಂದು ಹೆಸರಾಂತ ಲೇಖನ ಬರೆದರು. ಕ್ಯಾಸೊವರಿ ಎಂಬ ಹಾರಲಾರದ ದೊಡ್ಡ ಹಕ್ಕಿಯನ್ನು ಕಲಾಂ ಜನ ಹಕ್ಕಿಗಳ ಗುಂಪಿಗೆ ಸೇರಿಸುವುದಿಲ್ಲ, ಅದು ಏಕೆ ಎಂಬುದು ಅದರ ವಿಷಯ. ಲೇಖನ ಬುಲ್ಮರರದೊಬ್ಬರದೇ. ಹತ್ತು ವರ್ಷದ ಮೇಲೆ, 1977ರಲ್ಲಿ, ಕಲಾಂ ನಾಡಿನ ಹಕ್ಕಿಗಳ ಬಗ್ಗೆ ಪುಸ್ತಕ ಬಂದಾಗ ಹೊದಿಕೆಯ ಮೇಲೆ ಮೊದಲು ಇದ್ದ ಹೆಸರು ಇಯಾನ್ ಸಾಎಂ ಮಜ್ನೆಪ್. ಕಲಾಂ ಜನರಲ್ಲೇ ಒಬ್ಬ, ಬುಲ್ಮರರಿಗೆ ಹುಡುಗನಾಗಿದ್ದಾಗಿನಿಂದ ನೆರವಾಗುತ್ತ ಬಂದವನು. ಪುಸ್ತಕದಲ್ಲಿ ಮಜ್ನೆಪ್ ಹೇಳಿದ್ದು ಒಂದು ಬಗೆಯ ಅಚ್ಚಿನಲ್ಲಿದೆ, ಬುಲ್ಮರ್ ಸೇರಿಸಿದ್ದು ಇನ್ನೊಂದು ಬಗೆಯ ಅಚ್ಚಿನಲ್ಲಿದೆ. ಯಾವ ಮಾತು ಯಾರದು ಎಂದು ಓದುಗರಿಗೆ ಗೊಂದಲವೇ ಇಲ್ಲ. ಇಬ್ಬರ ಅಭಿಪ್ರಾಯ ಬೇರೆಯಾದಲ್ಲಿ ಅದೂ ಕಾಣುತ್ತದೆ. ಅಚ್ಚುಮೊಳೆ ಬದಲಿಸಿದಷ್ಟು ಸರಳ ಕೆಲಸ. ಐವತ್ತು ವರ್ಷ ಆಗುತ್ತ ಬಂದರೂ ನಮ್ಮ ವಿಶ್ವವಿದ್ಯಾಲಯಗಳ ಪ್ರಬಂಧಗಳಲ್ಲಿ ಅದು ರೂಢಿಗೆ ಬಂದಿಲ್ಲ.

ನಮ್ಮ ಬೆಟ್ಟದ ಜನರು ಪುಸ್ತಕಗಳಿಗೆ ಬಂದ ಬಗೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೈಸೂರು ಸೀಮೆಯಲ್ಲಿ ಆನೆ ಹಿಡಿಸಿದ ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಸೋಲಿಗರನ್ನು ಜಾಡು ಹಿಡಿಯುವ ನಿಪುಣರೆಂದು ಹೊಗಳಿದ. 1909ರ ಥರ್ಸ್ಟನ್‌ನ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಅವರೊಂದು ನಮೂದು. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ಎಸ್.ಜಿ. ಮೊರಬ 1977ರಲ್ಲಿ ಅವರ ಬಗ್ಗೆ ಪೂರ್ಣ ಪುಸ್ತಕವನ್ನೇ ತಂದರು, ಅದು ಇಂದಿಗೂ ಉಪಯೋಗದ್ದು. ಇವೆಲ್ಲವೂ ಸೋಲಿಗರ ಬಗ್ಗೆ ಬೇರೆಯವರು ಬರೆದವು.

ಸೋಲಿಗರೇ ಕೈ ಹಾಕಿದ ಕೆಲಸ ಎಂದರೆ ಅವರ ಕಾಡಿನ ನಕ್ಷೆ. ಸರ್ಕಾರದ ನಕ್ಷೆಯಲ್ಲಿ ಆ ಕಾಡು ವಲಯ, ಬೀಟು, ಕಂಪಾರ್ಟ್‌ಮೆಂಟು ಎಂದು ಹಂಚಿಹೋಗಿದೆ. ಸೋಲಿಗರಿಗೆ ಅದು ಎಲ್ಲೆಗಳ ನಾಡು. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ, ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ನೆಲೆಗಳು. ಕಲ್ಲುಗುಡಿ ಸತ್ತವರ ನೆಲೆ, ಅಬ್ಬಿ ನೀರಿನ ತಾಣ. ಹಿರಿಯರು ಮುಂದೆ, ಜಿಪಿಎಸ್ ಹಿಡಿದ ಹುಡುಗರು ಹಿಂದೆ, ಸಂಶೋಧಕರು ಜೊತೆಗೆ ನಡೆದು ಇಂಥ ನಾನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತು ಮಾಡಿದರು. ಜನರನ್ನು ಕಾಡಿನಿಂದ ಎಬ್ಬಿಸಿ ಎಷ್ಟೋ ವರ್ಷ ಕಳೆದಿದ್ದರೂ, ಹಳೆಯ ಪೋಡು ಎಲ್ಲಿತ್ತು, ಯಾವ ಮರದಡಿ ಯಾವ ಪೂಜೆ ಎಂದು ಹಿರಿಯರ ಕಾಲಿಗೆ ನೆನಪಿತ್ತು. ಸಂಶೋಧಕರಾದ ಸುಷ್ಮಿತಾ ಮಂಡಲ್, ನಿತಿನ್ ರೈ ಅವರ ಜೊತೆ ಈ ಕೆಲಸದ ಬಗ್ಗೆ ಬರೆದವರಲ್ಲೂ ಮಾದೇಗೌಡರಿದ್ದಾರೆ.

ಬೆಟ್ಟದ ರಂಗಸ್ವಾಮಿ ಸೋಲಿಗರ ಹೆಣ್ಣನ್ನು ಮದುವೆಯಾದವನು, ಹಾಗಾಗಿ ಅವರಿಗೆ ಭಾವ. ದೇವರನ್ನೇ ಭಾವ ಎಂದು ಕರೆಯುವ ಜನ ತಮ್ಮ ಕಾಡನ್ನು ಸಂಪನ್ಮೂಲ ಎಂಬ ಒಂದು ಪದದಲ್ಲಿ ಮುಗಿಸುವುದಿಲ್ಲ. ನಕ್ಷೆ ನೋಡಿದಾಗ ನನಗೆ ಅದು ಅರ್ಥವಾಯಿತು. ನಂಟಸ್ತಿಕೆಯನ್ನು ಕಾಗದದ ಮೇಲೆ ಇಳಿಸಿದ ನಕ್ಷೆ ಅದು. ಗ್ರಾಮಸಭೆಯಲ್ಲಿ ಹಕ್ಕು ಕೇಳಲು ಹಿಡಿದುಕೊಂಡು ಹೋಗಬಲ್ಲ ಕಾಗದವೂ ಹೌದು.

ಹಕ್ಕಿನ ಮಾತು ಇಲ್ಲಿ ಬರಲೇಬೇಕು. 2000ರ ದಶಕದ ನಡುವೆ, ನೆಲ್ಲಿ, ಜೇನು ತೆಗೆದು ಮಾರುವುದನ್ನು ಅಭಯಾರಣ್ಯದಲ್ಲಿ ನಿಲ್ಲಿಸಲಾಯಿತು. ಆಗ ಹಲವು ವರ್ಷಗಳಿಂದ ಸೋಲಿಗರೂ ವಿಜ್ಞಾನಿಗಳೂ ಸೇರಿ ಇಟ್ಟುಕೊಂಡು ಬಂದಿದ್ದ ಲೆಕ್ಕ ಆ ನಿರ್ಧಾರವನ್ನು ತಡೆಯಲಿಲ್ಲ. ಕೂಡಿ ಮಾಡಿದ ಸಂಶೋಧನೆ ಎಷ್ಟೇ ಚೆನ್ನಾಗಿದ್ದರೂ, ಕಾಡಿನ ಬಗ್ಗೆ ತೀರ್ಮಾನ ಮಾಡುವ ಮೇಜಿನ ಸುತ್ತ ಕಾಡಿನವರು ಇಲ್ಲದಿದ್ದರೆ ಹೀಗಾಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಆ ಮೇಜಿಗೆ ಒಂದು ಕುರ್ಚಿ ಸೇರಿಸಿತು. 2011ರ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲು ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಹಕ್ಕುಪತ್ರದಿಂದ ಎಲ್ಲವೂ ನೇರವಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ಸಹಭಾಗಿತ್ವ ಎಂಬ ಪದವನ್ನು ಯೋಜನೆಯ ಅರ್ಜಿಯಲ್ಲಿ ತುಂಬುವ ಮುಂಚೆ, ಜೊತೆಗಾರರಿಗೆ ಬೇಡ ಎನ್ನುವ ಹಕ್ಕಾದರೂ ಇದೆಯೇ ಎಂದು ಸಂಶೋಧಕರು ನೋಡಿಕೊಳ್ಳಬೇಕು.

ಇದು ಆದಿವಾಸಿಗಳ ಕಾಡಿಗೆ ಮಾತ್ರ ಸಂಬಂಧಪಟ್ಟದ್ದೂ ಅಲ್ಲ. 1970ರ ದಶಕದಲ್ಲಿ ಉತ್ತರ ಕನ್ನಡದಲ್ಲಿ ಕಾಗದ ಕಾರ್ಖಾನೆಗೆ ಹೋಗುತ್ತಿದ್ದ ಬಿದಿರು ಕಡಿಮೆಯಾಗುತ್ತಿದ್ದಾಗ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಅಧ್ಯಯನಕ್ಕೆ ಹೋದರು. ಬಿದಿರು ಮೆಳೆಯ ಬುಡದ ಮುಳ್ಳುಕೊಂಬೆ ಸವರಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯಶಾಸ್ತ್ರದ ಪುಸ್ತಕದ ಮಾತು. ಮುಳ್ಳು ಸವರಿದರೆ ಎಳೆ ಕಳಲೆ ದನಕ್ಕೂ ಕಾಡುಪ್ರಾಣಿಗೂ ಸುಲಭದ ತುತ್ತಾಗುತ್ತದೆ ಎಂಬುದು ಊರಿನವರ ಮಾತು. ಅಳೆದು ನೋಡಿದಾಗ ಊರಿನವರ ಮಾತೇ ನಿಜವಾಯಿತು. ಗಾಡ್ಗೀಳರು ಅದನ್ನು ಮುಚ್ಚಿಡಲಿಲ್ಲ. ಜೀವವೈವಿಧ್ಯ ದಾಖಲಾತಿಯನ್ನು ಜನರೇ ಬರೆಯಬೇಕೆಂದು ಅವರು ಮುಂದೆ ಹಟ ಹಿಡಿದದ್ದಕ್ಕೆ ಇಂಥ ಅನುಭವಗಳೇ ಕಾರಣ ಎಂದು ನನ್ನ ನಂಬಿಕೆ. 2002ರ ಜೀವವೈವಿಧ್ಯ ಕಾಯ್ದೆಯ ಅಡಿ ಆ ದಾಖಲಾತಿ ಈಗ ಪ್ರತಿ ಪಂಚಾಯಿತಿಯ ಕೆಲಸ. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದಾಗ ದೇಶದ ಉದ್ದಗಲಕ್ಕೂ ದಾಖಲಾತಿ ಪುಸ್ತಕಗಳು ಅವಸರದಲ್ಲಿ ತಯಾರಾದವು. ನಾನು ಕಂಡ ಒಂದು ಪುಸ್ತಕದಲ್ಲಿ ಆ ಊರಿನ ಬೆರಕೆ ಸೊಪ್ಪಿನ ಒಂದು ಹೆಸರೂ ಇರಲಿಲ್ಲ. ಊರ ಹೆಂಗಸರನ್ನು ಯಾರೂ ಕೇಳಿರಲಿಲ್ಲ.

ಹೆಂಗಸರನ್ನು ಕೇಳದಿರುವುದು ಬಹಳ ದೊಡ್ಡ ಲೋಪ. ಸೋಲಿಗರು ಹೀಗೆ ಹೇಳುತ್ತಾರೆ ಎಂದು ನಾನೇ ಮೇಲೆ ಹಲವು ಸಲ ಬರೆದಿದ್ದೇನೆ. ಯಾವ ಸೋಲಿಗರು ಎಂಬುದೂ ಕೇಳಬೇಕಾದ ಪ್ರಶ್ನೆ. ಮರ, ಬಂಡೆ ಹತ್ತಿ ಹೆಜ್ಜೇನು ಇಳಿಸುವ ಗಂಡಸಿಗೆ ಹೆಜ್ಜೇನು, ತುಡುವೆ, ಕಡ್ಡಿ ಜೇನು, ನೆಸರಿ ಜೇನುಗಳ ನಡತೆ ಬೆರಳ ತುದಿಯಲ್ಲಿದೆ. ನೂರೆ ಗೆಡ್ಡೆ ಎಲ್ಲಿ ಅಗೆಯಬೇಕು, ಬಳ್ಳಿ ಮತ್ತೆ ಹಬ್ಬಲು ಎಷ್ಟು ಬಿಡಬೇಕು ಎಂಬುದನ್ನು ಅವರ ಮನೆಯ ಹೆಂಗಸರ ಬಾಯಿಂದಲೇ ಕೇಳಬೇಕು. ಕಾಫಿ ತೋಟಕ್ಕೆ ಕೂಲಿಗೆ ಹೋಗಿ ಬರುವ ಯುವಕನಿಗೆ ಆನೆ ಈಗ ಯಾವ ದಾರಿಯಲ್ಲಿ ಓಡಾಡುತ್ತದೆ ಎಂಬುದು ಹಿರಿಯರಿಗಿಂತ ಚೆನ್ನಾಗಿ ಗೊತ್ತಿರಬಹುದು. ಪೋಡಿನ ಯಜಮಾನರ ಜಗುಲಿಯ ಮೇಲೆ ಒಂದು ಮಧ್ಯಾಹ್ನ ಕೂತು ಎದ್ದು ಬಂದರೆ ಇದರಲ್ಲಿ ಮೂರನೇ ಒಂದು ಪಾಲೂ ಸಿಗುವುದಿಲ್ಲ.

ಮೈಸೂರಿನ ತಂಗಿಗೆ ಈಗ ಉತ್ತರ ಹೇಳುತ್ತೇನೆ. ನಿಮ್ಮ ಹೆಸರಷ್ಟೇ ಇರುವುದು ಸರಿಯಲ್ಲ. ವಿಶ್ವವಿದ್ಯಾಲಯದ ನಿಯಮ ಪದವಿಯ ಪ್ರಬಂಧಕ್ಕೆ ಒಬ್ಬರ ಹೆಸರನ್ನೇ ಕೇಳುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ. ಉಳಿದದ್ದು ನಿಮ್ಮ ಕೈಯಲ್ಲಿದೆ. ಯಾರು ಏನು ಹೇಳಿದರು ಎಂಬುದನ್ನು, ಅವರು ಒಪ್ಪಿದರೆ, ಹೆಸರು ಹಾಕಿಯೇ ಬರೆಯಿರಿ. ಒಪ್ಪದಿದ್ದರೆ ಬಿಡಿ. ಗುಟ್ಟಾಗಿರಬೇಕಾದ ದೇವರ ನೆಲೆ, ಮದ್ದಿನ ಗಿಡದ ಜಾಗ ಅಚ್ಚಿಗೆ ಹೋಗಬೇಕಾಗಿಲ್ಲ. ನಿಮ್ಮ ಜೊತೆ ಕಾಡು ಸುತ್ತಿದವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ, ಅದನ್ನು ಕೊಡಿ. ಅದೇ ವಿಷಯದ ಮೇಲೆ ಮುಂದೆ ಲೇಖನ ಬರೆದಾಗ ಅವರಲ್ಲಿ ಒಬ್ಬರನ್ನು ಜೊತೆ ಲೇಖಕರಾಗಲು ಕೇಳಿ. ಅವರಿಗೆ ಇಂಗ್ಲಿಷ್ ಬಾರದು ಎಂಬುದು ಅಡ್ಡಿಯಲ್ಲ, ಮಜ್ನೆಪ್ ಹೇಳಿದ್ದೂ ಇಂಗ್ಲಿಷಿನಲ್ಲಲ್ಲ.

ಇನ್ನೊಂದು ಕೋರಿಕೆ, ಈ ವರ್ಷ ಪೋಡು, ಹಾಡಿ, ಕೇರಿಗಳಿಗೆ ಹೊರಟಿರುವ ಎಲ್ಲ ವಿದ್ಯಾರ್ಥಿಗಳಿಗೆ. ನೆಲ್ಲಿ, ಬೆಂಕಿ, ಲಂಟಾನದ ಬಗ್ಗೆ ಮೇಲೆ ಹೇಳಿದ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿವೆ. ಕಾಯಿ ಕೀಳುವವರಿಗೆ ಅವು ತಲುಪಬೇಕಾದರೆ ಯಾರಾದರೂ ಕನ್ನಡದಲ್ಲಿ ಹೇಳಬೇಕು. ನಿಮ್ಮ ಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ಮುಂಚೆ ಹತ್ತು ಪುಟದ ಕನ್ನಡ ಪ್ರತಿ ಮಾಡಿ. ಅದನ್ನು ತೆಗೆದುಕೊಂಡು ಮತ್ತೆ ಅಲ್ಲಿಗೇ ಹೋಗಿ. ಸಂಜೆ, ಹೆಂಗಸರೂ ಕೆಲಸ ಮುಗಿಸಿ ಬರುವ ಹೊತ್ತಿಗೆ, ಎಲ್ಲರೆದುರು ಗಟ್ಟಿಯಾಗಿ ಓದಿ. ಅವರು ತಪ್ಪು ಎಂದದ್ದನ್ನು ತಿದ್ದಿ. ತಿದ್ದಲು ನಿಮಗೆ ಮನಸ್ಸು ಒಪ್ಪದಿದ್ದರೆ ಅವರ ಮಾತನ್ನೂ ನಿಮ್ಮ ಮಾತಿನ ಪಕ್ಕದಲ್ಲೇ ಅಚ್ಚು ಹಾಕಿಸಿ.